ಲಾರಿ ನಿಲ್ಲಿಸಬಲ್ಲವರು ಬೇಕಾಗಿದ್ದಾರೆ

ಪೀಣ್ಯದ ಯಾವ ಕಾರ್ಖಾನೆಗೆ ಹೋದರೂ ರಿಸೆಪ್ಷನ್ ಗೋಡೆಯ ಮೇಲೆ ಗುಣಮಟ್ಟ ನೀತಿಯ ಫ್ರೇಮು ಕಾಣುತ್ತದೆ. ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು, ಕೆಳಗೆ ಎಂ.ಡಿ. ಸಹಿ. ನಾನು ನೇಮಕಾತಿ ನೋಡಿಕೊಳ್ಳುವ ಕಾರ್ಖಾನೆಯಲ್ಲೂ ಇದೆ. ಸಂದರ್ಶನಕ್ಕೆ ಬಂದವರು ಕಾಯುತ್ತಾ ಕೂತಾಗ ಅದನ್ನೇ ಉರು ಹೊಡೆದು, ಒಳಗೆ ಬಂದು ಒಪ್ಪಿಸುತ್ತಾರೆ. ಪಾಪ, ಹಾಗೆ ಮಾಡಿ ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ಅದಕ್ಕೇ 'ನಮ್ಮ ಕಂಪನಿಯ ಮೌಲ್ಯಗಳ ಬಗ್ಗೆ ಏನು ಗೊತ್ತು?' ಅನ್ನುವ ಪ್ರಶ್ನೆಯನ್ನು ನಾನು ಕೈಬಿಟ್ಟು ಎಷ್ಟೋ ಕಾಲವಾಯಿತು.

ನಾವು ಮಾಡುವುದು ಬೈಕುಗಳ ಡಿಸ್ಕ್ ಬ್ರೇಕಿನ ಮಾಸ್ಟರ್ ಸಿಲಿಂಡರ್, ಅಂದರೆ ಲಿವರ್ ಹಿಡಿದಾಗ ಬ್ರೇಕ್ ಆಯಿಲನ್ನು ಒತ್ತುವ ಭಾಗ. ಅಲ್ಯೂಮಿನಿಯಂ ಬಾಡಿ, ಒಳಗೆ ಕನ್ನಡಿಯಂತೆ ಹೊಳೆಯುವ ಬೋರು, ಅಂದರೆ ಕೊಳವೆಯಂಥ ರಂಧ್ರ. ಆ ಬೋರು ಅಳತೆ ಮೀರಿದರೆ ಒಳಗಿನ ಸೀಲು ಸರಿಯಾಗಿ ಕೂರುವುದಿಲ್ಲ, ಆಯಿಲ್ ಹಿಂದಕ್ಕೆ ನುಸುಳುತ್ತದೆ, ಲಿವರ್ ಹಿಡಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಇನ್‌ಸ್ಪೆಕ್ಷನ್ ವಿಭಾಗಕ್ಕೆ ಯಾರನ್ನೇ ತೆಗೆದುಕೊಳ್ಳುವುದಿದ್ದರೂ ಮೊದಲು ಶಾಪ್ ಫ್ಲೋರಿಗೆ ಕರೆದುಕೊಂಡು ಹೋಗಿ ಈ ಪೀಸನ್ನು ಅವರ ಕೈಗೆ ಕೊಡುತ್ತೇನೆ. ಕೂಲಂಟ್ ವಾಸನೆ, ಸಿಎನ್‌ಸಿ ಯಂತ್ರಗಳ ಸದ್ದು, ಎರಡನೇ ಶಿಫ್ಟ್ ಮುಗಿಸಿ ಮನೆ ಸೇರುವ ಹೊತ್ತು, ಬೇಸಿಗೆಯಲ್ಲಿ ಶೆಡ್ಡಿನೊಳಗಿನ ಸೆಕೆ, ಎಲ್ಲವನ್ನೂ ಅಲ್ಲೇ ಹೇಳಿಬಿಡುತ್ತೇನೆ. ಕೆಲವರು ಅಲ್ಲಿಂದಲೇ 'ಆಮೇಲೆ ಹೇಳ್ತೀನಿ ಮೇಡಂ' ಅಂತ ಮೆಟ್ರೊ ಹಿಡಿಯುತ್ತಾರೆ. ಮೂರು ತಿಂಗಳು ಕಲಿಸಿದ ಮೇಲೆ ಬಿಟ್ಟು ಹೋಗುವುದಕ್ಕಿಂತ ಇದೇ ವಾಸಿ.

ಉಳಿದವರಿಗೆ ಒಂದೇ ಪ್ರಶ್ನೆ. ತಿಂಗಳ ಕೊನೆಯ ದಿನ, ಸಂಜೆ. ಗೇಟಿನಲ್ಲಿ ಲಾರಿ ನಿಂತಿದೆ. ನೀವು ಅಳೆದ ಬ್ಯಾಚಿನಲ್ಲಿ ಬೋರು ಡ್ರಾಯಿಂಗಿನ ಮಿತಿಗಿಂತ 8 ಮೈಕ್ರಾನ್ ಜಾಸ್ತಿ ಬಂದಿದೆ. ಕೂದಲೆಳೆಯ ದಪ್ಪದ ಹತ್ತನೇ ಒಂದು ಪಾಲಿಗೆ ಹತ್ತಿರ. 'ಇಷ್ಟಕ್ಕೆಲ್ಲ ಯಾರು ಕೇಳ್ತಾರೆ, ಲೋಡ್ ಮಾಡ್ಸು' ಅಂತ ಪ್ರೊಡಕ್ಷನ್ ಮ್ಯಾನೇಜರು ಹೇಳುತ್ತಿದ್ದಾರೆ. ಏನು ಮಾಡುತ್ತೀರಿ?

ಬಹಳ ಜನ ಎದೆಯುಬ್ಬಿಸಿ 'ಕಳಿಸೋದೇ ಇಲ್ಲ ಮೇಡಂ' ಅನ್ನುತ್ತಾರೆ. ಆ ಉತ್ತರಕ್ಕೆ ನಾನು ಅಂಕ ಕೊಡುವುದಿಲ್ಲ. ಎ.ಸಿ. ರೂಮಿನಲ್ಲಿ ಕೂತು ಹಾಗೆ ಹೇಳುವುದು ಸುಲಭ. ಒಮ್ಮೆ ಹಾಸನದ ಕಡೆಯ ಡಿಪ್ಲೊಮಾ ಹುಡುಗಿಯೊಬ್ಬಳು ಬಂದಿದ್ದಳು. ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ಹೇಳಮ್ಮ' ಅಂದೆ.

'ಮೇಡಂ, ಮೊದಲು ಗೇಜ್ ಸರಿ ಇದೆಯಾ ಅಂತ ಮಾಸ್ಟರ್ ರಿಂಗ್ ಹಾಕಿ ನೋಡ್ತೀನಿ. ಸರಿ ಇದ್ರೆ, ಕಸ್ಟಮರ್ ಡೀವಿಯೇಷನ್ ಕೊಟ್ಟಿದ್ದಾರಾ ಅಂತ ಕೇಳ್ತೀನಿ. ಇಲ್ಲ ಅಂದ್ರೆ ಹೋಲ್ಡ್ ಟ್ಯಾಗ್ ಹಾಕ್ತೀನಿ.' (ಮಾಸ್ಟರ್ ರಿಂಗ್ ಅಂದರೆ ಗೇಜ್ ಸರಿ ಅಳೆಯುತ್ತಿದೆಯೇ ಎಂದು ನೋಡುವ ಉಂಗುರ; ಡೀವಿಯೇಷನ್ ಅಂದರೆ ಮಿತಿ ಮೀರಿದ್ದನ್ನೂ ಕಳಿಸಲು ಗ್ರಾಹಕರು ಕೊಡುವ ಒಪ್ಪಿಗೆ; ಹೋಲ್ಡ್ ಟ್ಯಾಗ್ ಅಂದರೆ ಈ ಮಾಲು ಕಳಿಸಬಾರದು ಅನ್ನುವ ಚೀಟಿ.) ಆಮೇಲೆ ನನ್ನನ್ನೇ ಕೇಳಿದಳು: 'ಟ್ಯಾಗ್ ಹಾಕಿದ್ಮೇಲೆ ನನ್ನ ಪರವಾಗಿ ಇಲ್ಲಿ ಯಾರು ನಿಲ್ತಾರೆ ಮೇಡಂ?'

ನಾನು ಬಯಸುತ್ತಿದ್ದದ್ದು ಅವಳ ಈ ಪ್ರಶ್ನೆಯನ್ನೇ. ವಾಹನೋದ್ಯಮದ ಬಿಡಿಭಾಗ ಮಾಡುವವರು ಪಾಲಿಸಬೇಕಾದ ಐಎಟಿಎಫ್ 16949 ಮಾನದಂಡದಲ್ಲಿ, ಗುಣಮಟ್ಟದ ಹೊಣೆ ಹೊತ್ತವರಿಗೆ ಉತ್ಪಾದನೆಯನ್ನೂ ರವಾನೆಯನ್ನೂ ನಿಲ್ಲಿಸುವ ಅಧಿಕಾರ ಇರಬೇಕು ಅಂತ ಬರೆದೇ ಇದೆ. ಆಡಿಟರ್ ಬಂದಾಗ ಎಲ್ಲ ಕಂಪನಿಗಳೂ ಆ ಕಾಗದ ತೋರಿಸುತ್ತವೆ. ಆ ಅಧಿಕಾರವನ್ನು ಇಪ್ಪತ್ತೆರಡು ವರ್ಷದ ಇನ್‌ಸ್ಪೆಕ್ಟರ್ ನಿಜವಾಗಿ ಬಳಸಿದ ಮಾರನೆಯ ದಿನ ಅವಳಿಗೆ ಏನಾಗುತ್ತದೆ ಅನ್ನುವುದು ಮಾತ್ರ ಯಾವ ಕಾಗದದಲ್ಲೂ ಇರುವುದಿಲ್ಲ. ಆದ್ದರಿಂದ ನಾನು ಎಂ.ಡಿ. ಹತ್ತಿರ ಕೂತು, ಆಫರ್ ಲೆಟರಿನಲ್ಲೇ ಒಂದು ಸಾಲು ಸೇರಿಸಿಸಿದೆ: ಹೋಲ್ಡ್ ಟ್ಯಾಗ್ ತೆಗೆಯುವ ಹಕ್ಕು ಪ್ರೊಡಕ್ಷನ್ನಿಗೆ ಇಲ್ಲ, ಗ್ರಾಹಕರ ಲಿಖಿತ ಒಪ್ಪಿಗೆ ಬಂದ ಮೇಲೆ ಕ್ವಾಲಿಟಿ ಹೆಡ್ ಮಾತ್ರ ತೆಗೆಯಬಹುದು. ಪ್ರೊಡಕ್ಷನ್ನಿನವರು ನನ್ನ ಜೊತೆ ಕೆಲ ದಿನ ಟೀ ಕುಡಿಯಲಿಲ್ಲ, ಇರಲಿ.

ನೇಮಕಾತಿಯಲ್ಲಿ ಪ್ರಾಮಾಣಿಕತೆಯ ಬಗ್ಗೆ ನನಗೆ ಇಷ್ಟು ಹಟ ಹುಟ್ಟಿದ್ದು ಹಿಂದಿನ ಕೆಲಸದಲ್ಲಿ. ಆಗ ಕಂಪನಿಗಳಿಗೆ ಜನ ಹುಡುಕಿಕೊಡುವ ಒಂದು ಕನ್ಸಲ್ಟೆನ್ಸಿಯಲ್ಲಿದ್ದೆ. ಒಬ್ಬರನ್ನು ಸೇರಿಸಿದರೆ ವಾರ್ಷಿಕ ಸಿಟಿಸಿಯ (ಒಬ್ಬರಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚಿನ) ಶೇ. 8.33, ಅಂದರೆ ಒಂದು ತಿಂಗಳ ಸಂಬಳದಷ್ಟು ಫೀಸು. ಸೇರಿದವರು 90 ದಿನದೊಳಗೆ ಬಿಟ್ಟರೆ ಬದಲಿ ಕೊಡಬೇಕು. 91ನೇ ದಿನ ಬಿಟ್ಟರೆ ನಮ್ಮ ತಲೆನೋವಲ್ಲ. ಈ ಲೆಕ್ಕದೊಳಗೆ ಕೂತವರಿಗೆ ಅಭ್ಯರ್ಥಿಗೆ ಕೆಲಸ ಒಗ್ಗುತ್ತದೋ ಇಲ್ಲವೋ ಎಂದು ಯೋಚಿಸಲು ಪುರುಸೊತ್ತು ಎಲ್ಲಿಂದ ಬರಬೇಕು? ನೈಟ್ ಶಿಫ್ಟ್ ಇದ್ದರೂ 'ಅದೆಲ್ಲ ಸೇರಿದ್ಮೇಲೆ ಮಾತಾಡ್ಕೊಳ್ಳಿ' ಅನ್ನಿ ಅಂತ ನಮಗೆ ಹೇಳಿಕೊಟ್ಟಿದ್ದರು. ಅಲ್ಲಿಂದ ಬಿಟ್ಟೆ.

ಆಮೇಲೆ ನಾನೇ ಕೆಲಸ ಹುಡುಕುವಾಗ, ಈಗಿನ ಎಂ.ಡಿ.ಗೆ ಸಂದರ್ಶನದಲ್ಲಿ ಎರಡು ವಿಷಯ ಕೇಳಿದೆ. ಸೇರುವವರ ಒರಿಜಿನಲ್ ಮಾರ್ಕ್ಸ್ ಕಾರ್ಡು ಇಟ್ಟುಕೊಳ್ಳುತ್ತೀರಾ? ಬಿಟ್ಟು ಹೋದವರ ಫುಲ್ ಅಂಡ್ ಫೈನಲ್, ಅಂದರೆ ಬಾಕಿ ಹಣದ ಕೊನೆಯ ಲೆಕ್ಕ, ಯಾವಾಗ ಕೊಡುತ್ತೀರಿ? ಮೊದಲನೆಯದಕ್ಕೆ ಇಲ್ಲ ಅಂದರು. ಎರಡನೆಯದಕ್ಕೆ ಬಾಯಲ್ಲಿ ಉತ್ತರ ಕೊಡದೆ ಅಕೌಂಟೆಂಟನ್ನು ಕರೆದು ಫೈಲು ತರಿಸಿದರು. ಒಬ್ಬರದ್ದು ತಡವಾಗಿತ್ತು, ಯಾಕೆ ಅಂತಲೂ ಹೇಳಿದರು. ಆ ತಡವಾದ ಫೈಲನ್ನು ಪಕ್ಕಕ್ಕೆ ಸರಿಸದೆ ತೋರಿಸಿದರಲ್ಲ, ನಾನು ಸೇರಿದ್ದು ಅದಕ್ಕೆ. ಸಂಬಳ ಇನ್ನೊಂದು ಕಡೆ ಜಾಸ್ತಿಯೇ ಇತ್ತು. ಮನೆಯಲ್ಲಿ ಅದನ್ನು ಒಪ್ಪಿಸುವುದು ಎಂ.ಡಿ.ಯನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು.

ಕೆಲಸ ಹುಡುಕುವವರು ಯಾರಾದರೂ ಸಲಹೆ ಕೇಳಿದರೆ ನಾನು ಇದನ್ನೇ ಹೇಳುವುದು: 'ನಿಮ್ಮ ಮೌಲ್ಯಗಳೇನು' ಅಂತ ಕೇಳಬೇಡಿ, ನಡೆದುಹೋದದ್ದನ್ನು ಕೇಳಿ. ಈ ಜಾಗ ಯಾಕೆ ಖಾಲಿಯಾಯಿತು, ಹಿಂದೆ ಇದ್ದವರು ಎಲ್ಲಿದ್ದಾರೆ, ಅವರ ಜೊತೆ ಮಾತಾಡಬಹುದೇ. ಮುಜುಗರಪಟ್ಟರೆ ಅದೂ ಒಂದು ಉತ್ತರವೇ.

ಸಂಬಳದ ಮಾತಿಗೆ ನಾನು ಒಂದು ಹಾಳೆ ಇಟ್ಟುಕೊಂಡಿದ್ದೇನೆ. ತಿಂಗಳಿಗೆ 20,000 ಗ್ರಾಸ್, ಅದರಲ್ಲಿ ಬೇಸಿಕ್ 15,000 ಅಂದುಕೊಳ್ಳಿ. ಪಿಎಫ್ ಶೇ. 12ರಂತೆ 1,800, ಇಎಸ್‌ಐ ಶೇ. 0.75ರಂತೆ 150 ಹೋಗಿ ಕೈಗೆ ಸಿಗುವುದು 18,050. ಕಂಪನಿಯ ಪಾಲಿನ ಪಿಎಫ್ 1,800, ಇಎಸ್‌ಐ 650 ಸೇರಿಸಿದರೆ ಅದೇ ಸಂಬಳ 22,450 ಆಗುತ್ತದೆ. ಜಾಹೀರಾತಿನಲ್ಲಿ ದೊಡ್ಡ ಅಂಕಿ ಹಾಕುವುದು ವಾಡಿಕೆ. ನಾವು 18,050 ಹಾಕುತ್ತೇವೆ. ಅರ್ಜಿಗಳು ಕಡಿಮೆ ಬರುತ್ತವೆ, ನಿಜ. ಆದರೆ ಮೊದಲ ಸಂಬಳದ ದಿನ ನನ್ನ ಟೇಬಲ್ಲಿನ ಮುಂದೆ ಮುಖ ಸಪ್ಪೆ ಮಾಡಿಕೊಂಡು ನಿಲ್ಲುವವರು ಈಗಿಲ್ಲ. ಆಯ್ಕೆಯಾಗದವರಿಗೂ ಫೋನ್ ಮಾಡಿ ಹೇಳುತ್ತೇನೆ. ಬೇಸರದ ಕೆಲಸ, ಆದರೆ ಊರಿನಿಂದ ರಾತ್ರಿ ಬಸ್ಸು ಹತ್ತಿ ಬಂದವರು ವಾರಗಟ್ಟಲೆ ಮೊಬೈಲು ನೋಡುತ್ತಾ ಕೂರಬಾರದು.

ಇದೆಲ್ಲ ನಡೆಯುತ್ತಿರುವುದು ನೇರವಾಗಿ ಸೇರುವವರಿಗೆ ಮಾತ್ರ. ಲೋಡಿಂಗ್, ಡೀಬರಿಂಗ್ (ಲೋಹದ ಅಂಚಿನ ಮುಳ್ಳು ಉಜ್ಜುವುದು), ಪ್ಯಾಕಿಂಗ್ ಮಾಡುವ ಹುಡುಗರು ಗುತ್ತಿಗೆದಾರರ ಮೂಲಕ ಬರುತ್ತಾರೆ. ಹೆಚ್ಚಿನವರು ಒಡಿಶಾ, ಬಿಹಾರದವರು. ಅವರನ್ನು ಸಂದರ್ಶನ ಮಾಡುವುದು ನಾನಲ್ಲ. ಕೆಲಸದ ಬಗ್ಗೆ ಅವರಿಗೆ ಊರಿನಲ್ಲಿ ಏನು ಹೇಳಿ ಕರೆತಂದಿದ್ದಾರೋ ನನಗೆ ಗೊತ್ತಾಗುವುದು ಜಗಳವಾದಾಗಲೇ. ಸದ್ಯಕ್ಕೆ ಗುತ್ತಿಗೆದಾರರ ಹತ್ತಿರ ಒಂದು ಷರತ್ತು ಹಾಕಿದ್ದೇನೆ: ಮೊದಲ ದಿನ ಗೇಟ್ ಪಾಸ್ ಕೊಡುವ ಮುಂಚೆ ಸಂಬಳದ ಹಾಳೆಯನ್ನು ನನ್ನ ಎದುರಿಗೆ ಹಿಂದಿಯಲ್ಲಿ ಓದಿ ಹೇಳಬೇಕು. ಇಬ್ಬರು ಗುತ್ತಿಗೆದಾರರು ಒಪ್ಪಿದ್ದಾರೆ. ಮೂರನೆಯವರ ಕರಾರು ಮಾರ್ಚಿಗೆ ಮುಗಿಯುತ್ತದೆ.