ಆಸ್ಟ್ರೇಲಿಯಾದಲ್ಲಿ ಬಾಡಿಗೆ ಮನೆ ಹಿಡಿಯುವ ಮುಂಚೆ ಎನ್‌ಬಿಎನ್ ಯಾವುದೆಂದು ಕೇಳಿ

ಸಿಂಧನೂರು, ಗಂಗಾವತಿ, ಬಳ್ಳಾರಿ ಕಡೆಯಿಂದ ಆಸ್ಟ್ರೇಲಿಯಾಕ್ಕೆ ಹೊಸದಾಗಿ ಬಂದವರು ಮನೆ ನೋಡುವಾಗ ಸ್ಟೇಷನ್ ಎಷ್ಟು ದೂರ, ಇಂಡಿಯನ್ ಅಂಗಡಿ ಎಲ್ಲಿ ಅಂತ ವಿಚಾರಿಸುತ್ತಾರೆ. ಮನೆಗೆ ಯಾವ ಥರದ ಎನ್‌ಬಿಎನ್, ಅಂದರೆ ಸರ್ಕಾರ ಹಾಕಿದ ಇಂಟರ್ನೆಟ್ ಜಾಲ, ಬಂದಿದೆ ಅಂತ ಕೇಳುವವರು ಕಡಿಮೆ. ಒಂದು ಬೀದಿಗೆ ಫೈಬರ್, ಪಕ್ಕದ ಬಡಾವಣೆಗೆ ಹಳೇ ತಾಮ್ರದ ಫೋನ್ ತಂತಿ ಇರುವುದು ಇಲ್ಲಿ ಮಾಮೂಲು. ಯಾರಿಗೆ ಯಾವುದು ಅನ್ನುವುದನ್ನು ಬಹುಮಟ್ಟಿಗೆ ಒಂದು ಚುನಾವಣೆ ತೀರ್ಮಾನಿಸಿತು.

ದೇಶದ ಫೋನ್ ತಂತಿಯೆಲ್ಲ ಒಂದು ಕಾಲಕ್ಕೆ ಟೆಲ್‌ಸ್ಟ್ರಾ ಎಂಬ ಸರ್ಕಾರಿ ಕಂಪನಿಯ ಕೈಲಿತ್ತು. 1997ರಿಂದ 2006ರೊಳಗೆ ಅದನ್ನು ಮೂರು ಕಂತಿನಲ್ಲಿ ಮಾರಿದರು. ತಂತಿಯ ಒಡೆತನ, ಇಂಟರ್ನೆಟ್ ವ್ಯಾಪಾರ ಎರಡೂ ಒಬ್ಬರಲ್ಲೇ ಉಳಿದಾಗ, ಪೈಪೋಟಿ ಮಾಡುವವರು ಅವರ ಬಾಗಿಲಲ್ಲೇ ತಂತಿ ಬಾಡಿಗೆ ಕೇಳಿ ನಿಲ್ಲಬೇಕಾಯಿತು. 2009ರ ಏಪ್ರಿಲ್‌ನಲ್ಲಿ ಕೆವಿನ್ ರಡ್ ಅವರ ಲೇಬರ್ ಸರ್ಕಾರ ತಾನೇ ಕಂಪನಿ ಕಟ್ಟಿ ಎನ್‌ಬಿಎನ್ ಎಂಬ ಹೊಸ ಜಾಲ ಹಾಕುತ್ತೇನೆಂದಿತು: 100ಕ್ಕೆ 90 ಕಟ್ಟಡಗಳ ಒಳಗೇ ಫೈಬರ್ (ಆಮೇಲೆ ಅದು 93 ಆಯಿತು), ಮಿಕ್ಕವರಿಗೆ ವೈರ್‌ಲೆಸ್ ಇಲ್ಲವೇ ಉಪಗ್ರಹ. ನಮ್ಮ ಭಾರತ್‌ನೆಟ್ ಗ್ರಾಮ ಪಂಚಾಯಿತಿಗೆ ಫೈಬರ್ ಮುಟ್ಟಿಸುವ ಗುರಿಯಿಂದ ಶುರುವಾದರೆ, ಇಲ್ಲಿ ಮನೆಯ ಗೋಡೆಯೇ ಗುರಿ.

2013ರಲ್ಲಿ ಸರ್ಕಾರ ಬದಲಾಗಿ ಲಿಬರಲ್-ನ್ಯಾಷನಲ್ ಪಕ್ಷಗಳ ಮೈತ್ರಿಕೂಟ ಬಂತು. ಮನೆಮನೆಗೂ ಫೈಬರ್ ಹಾಕುವುದು ದುಬಾರಿ, ತಡ ಅಂದರು. ಬೀದಿಯ ಪೆಟ್ಟಿಗೆವರೆಗೆ ಫೈಬರ್ ತಂದು ಅಲ್ಲಿಂದ ಮನೆಗೆ ಇರುವ ತಾಮ್ರವನ್ನೇ ಬಳಸೋಣ, 2,950 ಕೋಟಿ ಡಾಲರಿನಲ್ಲಿ ಮುಗಿಯುತ್ತದೆ ಅಂದರು. ಖರ್ಚು 5,100 ಕೋಟಿಯ ಹತ್ತಿರ ಹೋಯಿತು. ನನ್ನ ಮಟ್ಟಿಗೆ ಇದು ಉಳಿತಾಯದ ಹೆಸರಲ್ಲಿ ಆದ ದುಂದು. 2020ರಲ್ಲಿ ಅದೇ ಪಕ್ಷಗಳ ಸರ್ಕಾರ ಇರುವಾಗಲೇ, ತಾಮ್ರ ಕೊಟ್ಟ ಬೀದಿಗಳಿಗೆ ಮತ್ತೆ ಫೈಬರ್ ಎಳೆಯುವ ಯೋಜನೆ ಘೋಷಣೆಯಾಯಿತು.

ಈ ಪೆಟ್ಟಿಗೆ ವ್ಯವಸ್ಥೆಗೆ ಎಫ್‌ಟಿಟಿಎನ್ ಅಂತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ: ಪೆಟ್ಟಿಗೆಗೆ ಹತ್ತಿರ ಇದ್ದವರಿಗೆ ಭರಪೂರ, ಮಾನ್ವಿಯ ಹೊಲದಂತೆ ದೂರ ಇದ್ದವರಿಗೆ ತೊಟ್ಟಿಕ್ಕಿದಷ್ಟು. ಮೇಲಿನವರು ಪಂಪ್ ಹಚ್ಚಿ ಎತ್ತಿಕೊಂಡರು ಅನ್ನುವಂತಿಲ್ಲ, ತಾಮ್ರದಲ್ಲಿ ದೂರ ಹೋದಂತೆ ಸಿಗ್ನಲ್ ತಾನೇ ಸೊರಗುತ್ತದೆ. 2025ರ ಸೆಪ್ಟೆಂಬರಿನಲ್ಲಿ 100 ಎಂಬಿಪಿಎಸ್ ಪ್ಲಾನನ್ನು 500ಕ್ಕೆ ಏರಿಸಿದಾಗಲೂ ಅದು ಸಿಕ್ಕಿದ್ದು ಮನೆತನಕ ಫೈಬರ್ ಇದ್ದವರಿಗೆ ಮತ್ತು ಎಚ್‌ಎಫ್‌ಸಿಯವರಿಗೆ (ಟಿವಿ ಕೇಬಲ್ಲಿನಂಥ ತಂತಿಯಲ್ಲಿ ಇಂಟರ್ನೆಟ್ ಬರುವವರಿಗೆ) ಮಾತ್ರ.

ಹಾಗಾಗಿ ಅರ್ಜಿ ಹಾಕುವ ಮುಂಚೆ ಎನ್‌ಬಿಎನ್ ವೆಬ್‌ಸೈಟಿನಲ್ಲಿ ಮನೆಯ ವಿಳಾಸ ಹಾಕಿ ನೋಡಿ, ಯಾವ ತಂತ್ರಜ್ಞಾನ ಅಂತ ಬರುತ್ತದೆ. ಇನ್‌ಸ್ಪೆಕ್ಷನ್‌ಗೆ ಹೋದಾಗ ಗ್ಯಾರೇಜು, ಕಪಾಟಿನ ಗೋಡೆ ಮೇಲೂ ಕಣ್ಣಾಡಿಸಿ. ಲೈಟು ಮಿನುಗುವ ಎನ್‌ಬಿಎನ್ ಪೆಟ್ಟಿಗೆಗೆ ಸಣ್ಣ ಫೈಬರ್ ಎಳೆ ಬಂದಿದ್ದರೆ ಒಳ್ಳೆಯದು. ಟಿವಿ ಕೇಬಲ್ಲಿನಂಥ ದಪ್ಪ ತಂತಿಯನ್ನು ತಿರುಗಿಸಿ ಕೂರಿಸಿದ್ದರೆ ಅದು ಎಚ್‌ಎಫ್‌ಸಿ, ನಡೆಯುತ್ತದೆ. ಬರೀ ಫೋನ್ ಸಾಕೆಟ್ ಕಂಡರೆ ಏಜೆಂಟರನ್ನು ಕೇಳಿ. ಎಷ್ಟೋ ವಿಳಾಸಗಳಿಗೆ ಈಗ ಫೈಬರ್ ಅಪ್‌ಗ್ರೇಡ್ ಇದೆ. ಅರ್ಹ ಪ್ಲಾನ್ ತಗೊಂಡರೆ ಸಾಮಾನ್ಯವಾಗಿ ಪುಕ್ಕಟೆ, ಆದರೆ ಗೋಡೆ ಕೊರೆಯಲು ಮಾಲೀಕರ ಒಪ್ಪಿಗೆ ಬೇಕು. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಅದನ್ನು ಬರಹದಲ್ಲಿ ಪಡೆದರೆ ವಾಸಿ.

ಎನ್‌ಬಿಎನ್ ಸಗಟು ವ್ಯಾಪಾರಿ. ನಿಮಗೆ ಮಾರುವವರು ಟೆಲ್‌ಸ್ಟ್ರಾ, ಆಪ್ಟಸ್, ಆಸಿ ಬ್ರಾಡ್‌ಬ್ಯಾಂಡ್‌ನಂಥವರು. ‘ಎನ್‌ಬಿಎನ್‌ನಿಂದ ಮಾತಾಡ್ತಿದ್ದೇವೆ, ದುಡ್ಡು ಕಟ್ಟಿ’ ಅಂತ ಫೋನ್ ಬಂದರೆ ಇಟ್ಟುಬಿಡಿ, ಅದು ಮೋಸ.

ಪ್ಲಾನಿನ ಜಾಹೀರಾತಿನಲ್ಲಿ ನೋಡಬೇಕಾದ್ದು ಸಂಜೆ 7ರಿಂದ 11ರವರೆಗಿನ ವೇಗ. ಊರಿಗೆ ವಿಡಿಯೊ ಕಾಲ್ ಮಾಡುವ ಹೊತ್ತೂ ಅದೇ: ಸಿಂಧನೂರಿನಲ್ಲಿ ಅವ್ವ ಸಂಜೆ 5ಕ್ಕೆ ಚಹಾಕ್ಕೆ ಕೂತಾಗ ಮೆಲ್ಬರ್ನ್‌ನಲ್ಲಿ ಚಳಿಗಾಲವಾದರೆ ರಾತ್ರಿ 9:30, ಬೇಸಿಗೆಯಾದರೆ 10:30. ಅಪ್‌ಲೋಡ್ ವೇಗವನ್ನೂ ಕೇಳಿ, ನಿಮ್ಮ ಮುಖ ಅತ್ತ ಕಾಣುವುದು ಅದರಿಂದಲೇ. ತಾಮ್ರದ ಲೈನಿನಲ್ಲಿ ಪ್ಲಾನಿನ ವೇಗ ಬರುವುದೇ ಸಾಧ್ಯವಿಲ್ಲ ಅಂತಾದರೆ, ದಂಡ ಕಟ್ಟದೆ ಕೆಳಗಿನ ಪ್ಲಾನಿಗೆ ಇಳಿಸಿ ಅಂತ ಕೇಳುವ ಹಕ್ಕಿದೆ. ಮೊದಲು ಕಂಪನಿಗೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಬಗೆಹರಿಯದಿದ್ದರೆ ಟಿಐಒ ಎಂಬ ದೂರಸಂಪರ್ಕ ಒಂಬುಡ್ಸ್‌ಮನ್‌ಗೆ ಹೋಗಿ. ಅದಕ್ಕೆ ಶುಲ್ಕವಿಲ್ಲ, ಬೇಕಾದರೆ ದುಭಾಷಿಯ ನೆರವೂ ಕೇಳಬಹುದು.