ಗಿರಾಕಿಗಳ ದಾಖಲೆ ನನ್ನ ಕಂಪ್ಯೂಟರಿನಲ್ಲಿ ಉಳಿಯದ ಹಾಗೆ ಮಾಡಿದ್ದು

ದಾವಣಗೆರೆಯ ವಿದ್ಯಾನಗರದಲ್ಲಿ ನನ್ನದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ. ಸುತ್ತಮುತ್ತ ಹಾಸ್ಟೆಲ್, ಪಿಜಿಗಳು. ಪರೀಕ್ಷೆ ಫೀಸು, ಸ್ಕಾಲರ್‌ಶಿಪ್, ಗೃಹಲಕ್ಷ್ಮಿ, ಪಹಣಿ ಅಂತ ಜನ ಬರುತ್ತಲೇ ಇರುತ್ತಾರೆ. ಬಂದವರು ಮೊದಲು ಕೇಳುವುದು, "ಅಣ್ಣಾ, ನಿಮ್ಮ ವಾಟ್ಸಾಪ್ ನಂಬರ್ ಹೇಳಿ." ಆಮೇಲೆ ಆಧಾರ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್, ಫೋಟೊ, ಸಹಿ ಎಲ್ಲ ನನ್ನ ಫೋನಿಗೆ ಬಂದು ಬೀಳುತ್ತವೆ.

ದೊಡ್ಡ ಕಂಪನಿಗಳು ನಮ್ಮ ಮಾಹಿತಿ ತಿನ್ನುತ್ತವೆ ಅಂತ ಎಲ್ಲರೂ ಬೈತಾರೆ. ಆ ಸಿಟ್ಟು ನನಗೂ ಇದೆ. ಆದರೆ ವಾಟ್ಸಾಪ್‌ನಲ್ಲಿ ಕಳಿಸಿದ ಫೈಲು ದಾರಿಯುದ್ದಕ್ಕೂ ಬೀಗ ಹಾಕಿಕೊಂಡೇ ಬರುತ್ತದೆ. ಆ ಬೀಗ ತೆರೆಯುವುದು ನನ್ನ ಮೇಜಿನ ಮೇಲೆ. ಅಲ್ಲಿಂದ ಮುಂದೆ ಅದನ್ನು ಕಾಯಬೇಕಾದವನು ನಾನೇ. ಹೆಣ್ಣುಮಕ್ಕಳ ಫೋಟೊ, ಸಹಿ, ಮೊಬೈಲ್ ನಂಬರ್, ಮನೆ ವಿಳಾಸ ಒಂದೇ ಫೋಲ್ಡರಿನಲ್ಲಿ ಇದ್ದು, ಕಂಪ್ಯೂಟರ್ ರಿಪೇರಿಗೆ ಹೋದರೆ? ನೆನೆಸಿಕೊಂಡರೆ ಭಯ ಆಗುತ್ತದೆ.

ಅದಕ್ಕೆ ಮೊದಲು ಅಂಗಡಿ ಫೋನಿನಲ್ಲಿ ಫೋಟೊಗಳು ತಾನಾಗೇ ಡೌನ್‌ಲೋಡ್ ಆಗುವುದನ್ನೂ ಗೂಗಲ್ ಫೋಟೋಸ್ ಬ್ಯಾಕಪ್ಪನ್ನೂ ನಿಲ್ಲಿಸಿದೆ. ಹೊಸ ಚಾಟ್‌ಗಳೆಲ್ಲ 24 ಗಂಟೆಯಲ್ಲಿ ಅಳಿಯುವ ಹಾಗೆ ವಾಟ್ಸಾಪ್‌ನಲ್ಲೇ ಹೊಂದಿಸಿದೆ. ಇಷ್ಟೇ ಸಾಲದು. ಗಿರಾಕಿ 'ಡಿಲೀಟ್ ಫಾರ್ ಎವ್ರಿವನ್' ಒತ್ತಿದರೂ, ನಾನು ಕಂಪ್ಯೂಟರಿಗೆ ಇಳಿಸಿಕೊಂಡ ಪ್ರತಿ ಅಲ್ಲೇ ಇರುತ್ತದೆ. ಇ-ಆಧಾರ್ ಫೈಲಿಗೆ ಪಾಸ್‌ವರ್ಡ್ ಇದೆಯಲ್ಲ ಅಂತೀರಾ? ಇಂಗ್ಲಿಷಿನಲ್ಲಿ ಹೆಸರಿನ ಮೊದಲ ನಾಲ್ಕು ಅಕ್ಷರ, ಜೊತೆಗೆ ಹುಟ್ಟಿದ ವರ್ಷ. ಎರಡೂ ಪಕ್ಕದ ಮಾರ್ಕ್ಸ್ ಕಾರ್ಡಿನಲ್ಲೇ ಸಿಗುತ್ತವೆ. ಹಾಗಾಗಿ ಪ್ರಿಂಟ್ ಆದ ಕೂಡಲೇ, ಗಿರಾಕಿ ಎದುರಿಗೇ, ಶಿಫ್ಟ್ ಒತ್ತಿ ಡಿಲೀಟ್ ಮಾಡುತ್ತೇನೆ. ಹಾಗೆ ಮಾಡಿದರೆ ಫೈಲು ರಿಸೈಕಲ್ ಬಿನ್‌ನಲ್ಲೂ ಕೂರುವುದಿಲ್ಲ.

ತಮ್ಮ ಜಿಮೇಲ್ ತೆರೆಯಬೇಕಾದವರಿಗೆ ಕ್ರೋಮ್‌ನ ಗೆಸ್ಟ್ ವಿಂಡೋ ಕೊಡುತ್ತೇನೆ. ಮುಚ್ಚಿದರೆ ಲಾಗಿನ್ ಹೋಗುತ್ತದೆ. ಡೌನ್‌ಲೋಡ್ ಮಾಡಿದ ಫೈಲು ಮಾತ್ರ ಉಳಿದಿರುತ್ತದೆ, ಅದನ್ನು ನಾವೇ ಅಳಿಸಬೇಕು. ಒಟಿಪಿ ಅವರೇ ಟೈಪ್ ಮಾಡಬೇಕು. ಕಣ್ಣು ಕಾಣದವರಿದ್ದರೆ ಅದು ಯಾತಕ್ಕೆ ಬಂದಿದೆ ಅಂತ ಓದಿ ಹೇಳಿಯೇ ಹಾಕುತ್ತೇನೆ.

ಹಾಳಾದ ಪ್ರಿಂಟುಗಳದ್ದು ಇನ್ನೊಂದು ಕಥೆ. ಮೊದಲೆಲ್ಲ ಅಂಗಡಿಗಳ ಇಂಥ ಹಾಳೆ ರದ್ದಿಗೆ ಹೋಗಿ, ಅಲ್ಲಿಂದ ಮಿರ್ಚಿ ಕಟ್ಟಲು ಹೋಗುತ್ತಿದ್ದವು. ಈಗ ಹಾಳೆ ಚೂರು ಮಾಡುವ ಸಣ್ಣ ಮಷಿನ್ ಇಟ್ಟಿದ್ದೇನೆ.

ಜಗಳೂರು ಕಡೆಯ ಯಜಮಾನರೊಬ್ಬರು ಇದನ್ನೆಲ್ಲ ನೋಡಿ, "ನಮ್ದೇನೈತಪ್ಪ ಕದಿಯಾಕೆ?" ಅಂದರು. ಈ ಮಾತು ದಿನಾ ಕೇಳುತ್ತೇನೆ. ಅವರನ್ನು ಕೂರಿಸಿ ಹೇಳಿದೆ. "ಯಜಮಾನ್ರೇ, ಊರಲ್ಲಿ ಹೆಬ್ಬೆಟ್ಟು ಒತ್ತಿ ದುಡ್ಡು ತೆಗೀತೀರಲ್ಲ, ಅದಕ್ಕೆ ಒಟಿಪಿ ಬೇಡ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ರೆ ಸಾಕು." ಬೆರಳಚ್ಚು ನಕಲು ಮಾಡಿ ಹಣ ತೆಗೆದ ಪ್ರಕರಣಗಳು ನಮ್ಮ ರಾಜ್ಯದಲ್ಲೂ ಬಂದಿವೆ. ಆಧಾರ್‌ಗೆ ಕೊಟ್ಟ ಬೆರಳಚ್ಚು ಬೇರೆಲ್ಲೂ ಕೆಲಸ ಮಾಡದ ಹಾಗೆ ಬೀಗ ಹಾಕುವ ಬಯೋಮೆಟ್ರಿಕ್ ಲಾಕ್ ಅಂತ ಇದೆ, ಅದನ್ನು ಅವರ ಫೋನಿನಲ್ಲೇ ಮಾಡಿಕೊಟ್ಟೆ. ರೇಷನ್ನಿಗೆ ಹೆಬ್ಬೆಟ್ಟು ಕೊಡುವ ಮುಂಚೆ ಅದನ್ನು ತೆರೆಯಬೇಕು ಅಂತ ಮಗನಿಗೂ ತೋರಿಸಿದೆ. ಇಷ್ಟು ಹೇಳದಿದ್ದರೆ ಅವರು ಸೊಸೈಟಿ ಮುಂದೆ ಸುಮ್ನೆ ನಿಂತು ವಾಪಸ್ ಬರಬೇಕಾಗುತ್ತದೆ.

ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರಿಂಟ್ ಕೊಡಲು ನನಗಿಷ್ಟ. ಎಷ್ಟೋ ಕಡೆ ಅದನ್ನು ನೋಡಿ "ಪೂರ್ತಿ ನಂಬರ್ ಇರೋದು ತನ್ನಿ" ಅಂತ ಕಳಿಸುತ್ತಾರೆ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಮಾಸ್ಕ್ಡ್ ಪ್ರತಿ ಬಳಸಿ, ಸೈಬರ್ ಕೆಫೆಯಲ್ಲಿ ಇಳಿಸಿದ ಪ್ರತಿ ಅಳಿಸಿ ಅಂತ ಪ್ರಕಟಣೆ ಕೊಟ್ಟಿತ್ತು. ಜನ ತಪ್ಪು ತಿಳಿಯಬಹುದು ಅಂತ ಎರಡೇ ದಿನಕ್ಕೆ ಅದನ್ನು ವಾಪಸ್ ತೆಗೆದುಕೊಂಡರು. ನನಗೆ ಬಹಳ ಬೇಜಾರಾಯಿತು. ಒಳ್ಳೆಯ ಸಲಹೆ ಅದು.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಹೇಳಿದರು. ಆ ಅರ್ಜಿ ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಈ ಹೆಸರು ಅಂಗಡಿಗೆ ಬರುವ ಕಾಲೇಜು ಹುಡುಗರಿಗೆ ಹೇಳುತ್ತಿರುತ್ತೇನೆ.

ಅದೇ ಹುಡುಗರು, "ನಂದು ನಿಮ್ಹತ್ರನೇ ಇರ್ಲಿ ಅಣ್ಣಾ, ಮತ್ತೆ ಬರ್ತೀನಿ" ಅಂತಾರೆ. ಇಟ್ಟುಕೊಳ್ಳುವುದಿಲ್ಲ ಅಂತೀನಿ. ದಾಖಲೆ ಇಟ್ಟುಕೊಳ್ಳುವ ಸರ್ಕಾರದ ಆ್ಯಪ್ ಡಿಜಿಲಾಕರನ್ನು ಅವರ ಫೋನಿನಲ್ಲೇ ಹಾಕಿಕೊಡುತ್ತೇನೆ. ಕೆಲವರಿಗೆ ಇದು ಕಿರಿಕಿರಿ, ಪಕ್ಕದ ಅಂಗಡಿಗೆ ಹೋಗುತ್ತಾರೆ. ಅಲ್ಲೂ ಪ್ರಿಂಟ್ ಆದಮೇಲೆ ಎದುರಿಗೆ ನಿಂತು ಡಿಲೀಟ್ ಮಾಡಿಸಿ ಅಂತ ಹೇಳಿಯೇ ಕಳಿಸುತ್ತೇನೆ.