ಹಳೆ ಅಂಬಾಸಿಡರ್ ಬಿಸಿಯಾಗದಂತೆ ನೋಡಿಕೊಳ್ಳುವುದು ಹೇಗೆ?

ನಮ್ಮ ಮನೆಯ ಅಂಬಾಸಿಡರ್ 1986ರದ್ದು. ಮಾರ್ಕ್ 4, ಪೆಟ್ರೋಲ್, 1489 ಸಿಸಿ. ಎರಡು ವರ್ಷದ ಹಿಂದೆ ಅತ್ತೆಯವರನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟಿದ್ದೆ. ಅರ್ಧ ಬೆಟ್ಟಕ್ಕೆ ಟೆಂಪರೇಚರ್ ಮುಳ್ಳು ಕೊನೆ ಮುಟ್ಟಿತು. ಬಾನೆಟ್ ಸಂದಿಯಿಂದ ಹಬೆ. 'ನಿಮ್ಮ ಕಾರಿಗೂ ನನ್ನ ಹಾಗೆ ಮೇಲುಸಿರು ಬಂತಾ?' ಅಂದರು ಅತ್ತೆ.

ಮರುದಿನ ರೇಡಿಯೇಟರ್ (ಎಂಜಿನ್ನಿನ ಬಿಸಿನೀರನ್ನು ತಣ್ಣಗಾಗಿಸುವ ಜಾಲರಿ) ರಿಪೇರಿಯವರು ಅದರ ಮೇಲಿನ ಟ್ಯಾಂಕ್ ಬಿಚ್ಚಿ ತೋರಿಸಿದರು. ಅರ್ಧಕ್ಕರ್ಧ ಕೊಳವೆಗಳು ಬಿಳಿ ಸುಣ್ಣ ಕಟ್ಟಿ ಮುಚ್ಚಿಹೋಗಿದ್ದವು. 'ಇದೇನ್ ಸಾರ್, ರೇಡಿಯೇಟರಾ, ಬಚ್ಚಲುಮನೆ ಹಂಡೆನಾ?' ಎಂದು ಕೇಳಿದರು. ಸರಿಯಾಗೇ ಕೇಳಿದ್ದರು. ಹತ್ತು ವರ್ಷ ನಾನು ಅದಕ್ಕೆ ಕುಡಿಸಿದ್ದು ಅದೇ ಹಂಡೆಗೆ ಹೋಗುವ ಬೋರ್‌ವೆಲ್ ನೀರು.

ಆಮೇಲೆ ಈ ಕೆಲಸ ನಾನೇ ಕಲಿತೆ. ಒಂದು ಭಾನುವಾರ ಸಾಕು. ಸ್ಪ್ಯಾನರ್, ಸ್ಕ್ರೂಡ್ರೈವರ್, ಎರಡು ಬಕೆಟ್, ತೋಟಕ್ಕೆ ನೀರು ಹಾಯಿಸುವ ಪೈಪು ಇದ್ದರೆ ಆಯಿತು.

ಮೊದಲು ನೋಡುವುದು

ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿಯಿದ್ದಾಗ ತೆಗೆದರೆ ಒಳಗಿನ ಒತ್ತಡಕ್ಕೆ ಕುದಿನೀರು ಮುಖಕ್ಕೇ ಹಾರುತ್ತದೆ. ಬಟ್ಟೆ ಸುತ್ತಿ ತೆಗೆಯುವ ಶೂರರನ್ನು ನೋಡಿದ್ದೇನೆ. ಅವರ ಕೈ ಮೇಲಿನ ಕಲೆಯನ್ನೂ ನೋಡಿದ್ದೇನೆ.

ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಅದು ತುಕ್ಕು. ಅಂಬಾಸಿಡರ್‌ನ ಬ್ಲಾಕ್ (ಎಂಜಿನ್ನಿನ ಕೆಳಭಾಗ), ಹೆಡ್ (ಮೇಲ್ಭಾಗ) ಎರಡೂ ಎರಕದ ಕಬ್ಬಿಣ, ತುಕ್ಕು ಸಹಜ. ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ, ಇಲ್ಲವೇ ಆಯಿಲ್ ಮುಚ್ಚಳದ ಕೆಳಗೆ ಹಾಲು ಬೆರೆಸಿದ ಕಾಫಿಯಂಥ ನೊರೆ ಜಾಸ್ತಿ ಕಂಡರೆ ಅವೆರಡರ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಆಗ ಮುಂದಿನ ಕೆಲಸ ಮೆಕ್ಯಾನಿಕ್‌ದು.

ರೇಡಿಯೇಟರ್‌ನ ಮುಂಭಾಗವನ್ನೂ ನೋಡಿ. ಮಂಡ್ಯ ಕಡೆ ಓಡಾಡುವ ಕಾರಾದರೆ ಇದು ಮುಖ್ಯ. ಸುಗ್ಗಿ ಕಾಲದಲ್ಲಿ ಹಳ್ಳಿ ರಸ್ತೆ ಮೇಲೇ ರಾಗಿ, ಹುರುಳಿ ಒಕ್ಕಣೆ ಮಾಡಿರುತ್ತಾರೆ. ಅದರ ಮೇಲೆ ನಾಲ್ಕು ಸಲ ಹಾದುಹೋದರೆ ಹೊಟ್ಟು, ದೂಳು ಎಲ್ಲ ರೇಡಿಯೇಟರ್ ಜಾಲರಿಗೆ ಮೆತ್ತಿಕೊಂಡು ಗಾಳಿಯೇ ಆಡುವುದಿಲ್ಲ. ಎಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ವಾಟರ್ ಸರ್ವಿಸ್‌ನ ಜೋರು ಪಂಪು ಬೇಡ, ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ನೀರು ಇಳಿಸುವುದು, ತೊಳೆಯುವುದು

ರೇಡಿಯೇಟರ್ ಕೆಳಗಿನ ನಲ್ಲಿ ತಿರುಗಿಸಿ ಬಕೆಟ್‌ಗೆ ನೀರು ಇಳಿಸಿ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಬ್ಲಾಕ್‌ನ ಪಕ್ಕದಲ್ಲಿ ಇನ್ನೊಂದು ನಲ್ಲಿ ಇದೆ, ಕೆಸರೆಲ್ಲ ಕೂತಿರುವುದು ಅಲ್ಲೇ. ತಿರುಗಿಸಿದರೂ ನೀರು ಬರದಿದ್ದರೆ ತಂತಿಯಿಂದ ಚುಚ್ಚಿ. ನಮ್ಮದರಲ್ಲಿ ಮೊದಲು ಐದು ನಿಮಿಷ ಏನೂ ಬರಲಿಲ್ಲ, ಆಮೇಲೆ ಕೆಮ್ಮಣ್ಣಿನ ಅಂಬಲಿ ಬಂತು.

ಒಟ್ಟು ಎಷ್ಟು ಲೀಟರ್ ಇಳಿಯಿತು ಅಂತ ಅಳೆದು ಬರೆದಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ರೇಡಿಯೇಟರನ್ನು ಎಂಜಿನ್ನಿಗೆ ಸೇರಿಸುವ ಮೇಲಿನ, ಕೆಳಗಿನ ಎರಡೂ ಹೋಸ್ (ರಬ್ಬರ್ ಪೈಪು) ಕಳಚಿ. ರೇಡಿಯೇಟರ್‌ಗೆ ಕೆಳಗಿನ ಬಾಯಿಂದ ನೀರು ಬಿಡಿ, ಮೇಲಿನಿಂದ ಹೊರಬರಲಿ. ದಿನಾ ಹರಿಯುವುದಕ್ಕೆ ಉಲ್ಟಾ ಹರಿದಾಗಲೇ ಸಿಕ್ಕಿಕೊಂಡ ಕಸ ಬಿಡುವುದು. ತಿಳಿನೀರು ಬರುವವರೆಗೂ ಬಿಡಿ.

ನಿಂಬೆ ಉಪ್ಪು ಹಾಕಿ ತೊಳೆಯಬಹುದಾ ಅಂತ ಕೇಳುತ್ತಾರೆ. ಸುಣ್ಣ ಕರಗುತ್ತದೆ, ನಿಜ. ಆದರೆ ನಲವತ್ತು ವರ್ಷದ ರೇಡಿಯೇಟರ್‌ನಲ್ಲಿ ಸಣ್ಣ ತೂತುಗಳನ್ನು ಮುಚ್ಚಿ ಕೂತಿರುವುದೂ ಅದೇ ಸುಣ್ಣವಾಗಿರಬಹುದು. ಫಿಯೆಟ್, ಪದ್ಮಿನಿಯವರಂತೂ ಈ ಗೋಜಿಗೇ ಹೋಗಬೇಡಿ, ಅವುಗಳ ಹೆಡ್ ಅಲ್ಯೂಮಿನಿಯಂ. ಸುಣ್ಣ ಜಾಸ್ತಿಯಾಗಿದ್ದರೆ ರೇಡಿಯೇಟರ್ ಅಂಗಡಿಗೆ ಕೊಟ್ಟು ರಾಡಿಂಗ್ ಮಾಡಿಸಿ. ಟ್ಯಾಂಕ್ ಬಿಚ್ಚಿ, ಒಂದೊಂದು ಕೊಳವೆಗೂ ಕಡ್ಡಿ ಆಡಿಸಿ, ಮತ್ತೆ ಬೆಸುಗೆ ಹಾಕಿ ಕೊಡುತ್ತಾರೆ.

ಥರ್ಮೋಸ್ಟ್ಯಾಟ್ ಕಿತ್ತು ಬಿಸಾಕಬೇಡಿ

'ನಮ್ಮೂರ್ ಬಿಸ್ಲಿಗೆ ಇದು ಬ್ಯಾಡ ಸಾರ್' ಅಂತ ಹೇಳಿ ಗ್ಯಾರೇಜಿನವರು ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾಗುವವರೆಗೂ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ) ತೆಗೆದುಬಿಡುವುದು ಹಳೇ ಪದ್ಧತಿ. ನನ್ನ ಕಾರಿಗೂ ಇದೇ ಆಗಿತ್ತು. ಇದನ್ನು ನಾನು ಒಪ್ಪುವುದಿಲ್ಲ. ಥರ್ಮೋಸ್ಟ್ಯಾಟ್ ಇಲ್ಲದ ಎಂಜಿನ್ ಬಿಸಿಯಾಗಲು ತುಂಬ ಹೊತ್ತು ಬೇಕು. ಅಷ್ಟು ಹೊತ್ತೂ ಪೆಟ್ರೋಲ್ ಜಾಸ್ತಿ ಬಿಡುವ ಚೋಕ್ ಎಳೆದೇ ಓಡಿಸಬೇಕು. ಪೆಟ್ರೋಲ್ ಸುರಿಯುತ್ತದೆ, ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗುತ್ತದೆ, ಎಂಜಿನ್ ಬೇಗ ಸವೆಯುತ್ತದೆ. ಥರ್ಮೋಸ್ಟ್ಯಾಟ್ ಕಿತ್ತರೆ ಕಟ್ಟಿಕೊಂಡ ರೇಡಿಯೇಟರ್ ಸರಿಹೋಗುವುದಿಲ್ಲ. ಕಾಯಿಲೆ ಸ್ವಲ್ಪ ದಿನ ಮುಚ್ಚಿಕೊಳ್ಳುತ್ತದೆ, ಅಷ್ಟೆ.

ಅದು ಕೆಲಸ ಮಾಡುತ್ತಿದೆಯಾ ಅಂತ ಒಲೆ ಮೇಲೇ ನೋಡಬಹುದು. ಹೆಡ್‌ನ ಮುಂಭಾಗದಲ್ಲಿ, ಮೇಲಿನ ಹೋಸ್ ಸೇರುವ ಮುಚ್ಚಳದ ಕೆಳಗೆ ಇರುತ್ತದೆ. ಬಿಚ್ಚಿ ದಾರ ಕಟ್ಟಿ, ಬೇಡದ ಪಾತ್ರೆಯ ನೀರಿನಲ್ಲಿ ತಳ ಮುಟ್ಟದಂತೆ ಇಳಿಬಿಟ್ಟು ಕಾಯಿಸಿ. ಜ್ವರದ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ, ಪ್ರಯೋಗಾಲಯದ್ದು ಬೇಕು. ಥರ್ಮೋಸ್ಟ್ಯಾಟ್ ಮೇಲೆ 82 ಅಂತ ಕೊರೆದಿದ್ದರೆ ಸುಮಾರು 82 ಡಿಗ್ರಿಗೆ ಬಾಯಿ ಬಿಡಲು ಶುರುಮಾಡಬೇಕು. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಇಲ್ಲಿ ನೀರು 100ಕ್ಕಲ್ಲ, 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕುದಿ ಬಂದರೂ ಬಾಯಿ ಬಿಡದ 82ರ ಥರ್ಮೋಸ್ಟ್ಯಾಟ್ ಕೆಟ್ಟಿದೆ ಅಂತಲೇ ಲೆಕ್ಕ. ಹಾಕುವಾಗ ಹೊಸ ಪೇಪರ್ ಗ್ಯಾಸ್ಕೆಟ್ ಹಾಕಿ.

ಹೋಸ್, ಬೆಲ್ಟ್, ಪಂಪು

ಹೋಸ್ ಹಿಸುಕಿದರೆ ಮೆತ್ತಗಾಗಿದ್ದರೂ ಸರಿಯಿಲ್ಲ, ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೂ ಸರಿಯಿಲ್ಲ. ಎರಡನ್ನೂ ಒಟ್ಟಿಗೇ ಬದಲಾಯಿಸಿ, ಕ್ಲಿಪ್ ಸಮೇತ. ಫ್ಯಾನ್ ಬೆಲ್ಟ್ ಅನ್ನು ಉದ್ದದ ಬದಿಯ ಮಧ್ಯೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ತಗ್ಗಬೇಕು. ಫ್ಯಾನ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಲೊಡಲೊಡ ಅಂದರೆ ಫ್ಯಾನ್ ಕೂತಿರುವ ವಾಟರ್ ಪಂಪಿನ ಬೇರಿಂಗ್ ಹೋಗಿದೆ. ಪಂಪಿನ ಕೆಳಗಿನ ಸಣ್ಣ ತೂತಿನಿಂದ ನೀರು ಜಿನುಗುತ್ತಿದ್ದರೆ ಸೀಲ್ ಹೋಗಿದೆ. ಆ ತೂತನ್ನು ಎಂಸೀಲ್ ಹಾಕಿ ಮುಚ್ಚಿದವರಿದ್ದಾರೆ!

ತುಂಬಿಸುವುದು

ಬೋರ್ ನೀರು ಬೇಡ. ನಲ್ಲಿಯಲ್ಲಿ ಬರುವ ಕಾವೇರಿ, ಕಬಿನಿ ನೀರು ಅದಕ್ಕಿಂತ ವಾಸಿ, ಆದರೂ ಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಅದಕ್ಕೆ ಅರ್ಧಕ್ಕರ್ಧ ಕೂಲೆಂಟ್ (ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟದಂತೆ ಬೆರೆಸುವ ದ್ರವ) ಬೆರೆಸಿ. 'ಮೈಸೂರಲ್ಲೇನು ಹಿಮ ಬೀಳುತ್ತಾ?' ಅನ್ನಬೇಡಿ. ನಮಗೆ ಬೇಕಿರುವುದು ಅದರೊಳಗಿನ ತುಕ್ಕು ತಡೆಯುವ ಗುಣ. ಕುದಿಯುವ ಮಟ್ಟವೂ ಕೆಲವು ಡಿಗ್ರಿ ಏರುತ್ತದೆ. ಬಣ್ಣ ನೋಡಿ ಕೊಳ್ಳಬೇಡಿ, ಒಂದೊಂದು ಕಂಪನಿಯದು ಒಂದೊಂದು ಬಣ್ಣ. ನಮ್ಮ ಹಳೇ ರೇಡಿಯೇಟರ್ ತಾಮ್ರ, ಹಿತ್ತಾಳೆ, ಸೀಸದ ಬೆಸುಗೆಯದ್ದು. ಅದಕ್ಕೆ ಆಗುತ್ತದೆ ಅಂತ ಡಬ್ಬಿ ಮೇಲೆ ಬರೆದಿರಬೇಕು. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ.

ನಿಧಾನಕ್ಕೆ ಸುರಿಯಿರಿ. ನಡುನಡುವೆ ಮೇಲಿನ ಹೋಸ್ ಹಿಸುಕಿ, ಗಾಳಿ ಗುಳುಗುಳು ಹೊರಬರುತ್ತದೆ. ಮುಚ್ಚಳ ಹಾಕದೆ ಎಂಜಿನ್ ಶುರುಮಾಡಿ. ಥರ್ಮೋಸ್ಟ್ಯಾಟ್ ತೆರೆದಾಗ ನೀರು ತಟ್ಟನೆ ಇಳಿಯುತ್ತದೆ, ಮತ್ತೆ ಸುರಿಯಿರಿ. ಬರೆದಿಟ್ಟ ಅಳತೆ ಇಲ್ಲಿ ಬೇಕು: ಇಳಿದಿದ್ದಕ್ಕಿಂತ ಒಂದು ಲೀಟರ್ ಕಡಿಮೆ ಹಿಡಿದಿದೆಯಾ? ಹಾಗಾದರೆ ಒಳಗೆ ಎಲ್ಲೋ ಗಾಳಿ ಕೂತಿದೆ. ಕತ್ತಿನವರೆಗೆ ತುಂಬಬೇಡಿ, ಒಂದು ಇಂಚು ಬಿಡಿ. ನೀರು ಕಾದು ಹಿಗ್ಗಲು ಜಾಗ ಬೇಕಲ್ವಾ?

ಇಳಿಸಿದ ಹಳೇ ಕೂಲೆಂಟ್ ಅನ್ನು ತೆರೆದಿಡಬೇಡಿ, ಚರಂಡಿಗೂ ಸುರಿಯಬೇಡಿ. ಸಿಹಿಯಾಗಿರುವುದರಿಂದ ಬೀದಿನಾಯಿಗಳು ನೆಕ್ಕುತ್ತವೆ. ಅದು ವಿಷ.

ರೇಡಿಯೇಟರ್ ಮುಚ್ಚಳದ ಮೇಲೆ 7 ಅಂತ ಇದ್ದರೆ ಚದರ ಇಂಚಿಗೆ 7 ಪೌಂಡ್ ಒತ್ತಡ ಅಂತ ಅರ್ಥ. ಅಷ್ಟಕ್ಕೇ ನೀರು ಕುದಿಯುವುದು ಸುಮಾರು 11 ಡಿಗ್ರಿ ಮುಂದೆ ಹೋಗುತ್ತದೆ. ರಬ್ಬರ್ ಹರಿದಿದ್ದರೆ ಆ ಲಾಭ ಇಲ್ಲ. ಹೊಸದು ಕೊಳ್ಳುವಾಗ ಅದೇ ಅಂಕಿಯದ್ದು ಕೇಳಿ. ಈಗಿನ ಕಾರುಗಳ 0.9 ಬಾರ್ ಒತ್ತಡದ ಮುಚ್ಚಳ ಕೂತುಬಿಡುತ್ತದೆ ಅಂತ ಹಾಕಿದರೆ ಅದು ಸುಮಾರು 13 ಪೌಂಡ್, ಹಳೇ ಬೆಸುಗೆ ಬಾಯಿ ಬಿಡುತ್ತದೆ.

ದಾರಿಯಲ್ಲಿ ಮುಳ್ಳು ಏರಿದರೆ

ನೆರಳಿಗೆ ನಿಲ್ಲಿಸಿ, ಬಾನೆಟ್ ಎತ್ತಿ ಒಂದು ಗಂಟೆ ಕಾಯಿರಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡಬಹುದು. ಡಿಕ್ಕಿಯಲ್ಲಿ ಕೂಲೆಂಟ್ ಬೆರೆಸಿದ ನೀರಿನ 5 ಲೀಟರ್ ಕ್ಯಾನ್ ಇರಲಿ, ಕುಡಿಯುವ ನೀರು ಅಂದುಕೊಳ್ಳದಂತೆ ಮೇಲೆ ದಪ್ಪಗೆ ಬರೆದು. ನಮ್ಮ ಅತ್ತೆ ಈಗ ಆ ಕ್ಯಾನ್ ಕಣ್ಣಾರೆ ನೋಡದೆ ಬೆಟ್ಟಕ್ಕೆ ಕಾರು ಹತ್ತುವುದಿಲ್ಲ.